ಹಸಿದ ಕೌದಿಯೂ ಗಡಿಯಾಚೆಯ ವ್ಯಾಪಾರವೂ

ಕೆಲವರಿಗೆ ಸಕ್ಕರೆ ಕಾಯಿಲೆ ಇರುತ್ತದೆ, ಕೆಲವರಿಗೆ ರಕ್ತದೊತ್ತಡ. ನನಗೆ ಚಿಂತೆ. ಇದಕ್ಕೆ ಗುಳಿಗೆಯಿಲ್ಲ, ಪಥ್ಯವಿಲ್ಲ, ಇನ್ನೊಬ್ಬರ ಮುಂದೆ ಹೇಳಿಕೊಂಡರೆ ಸಿಗಬೇಕಾದ ಕನಿಕರವೂ ಇಲ್ಲ. ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ತಿರುಗಿ ಬಂದು ನೋಡುವವರು ಎಲ್ಲ ಊರಲ್ಲೂ ಇದ್ದಾರೆ. ನಾನು ತಿರುಗಿ ಬಂದು, ಬೀಗ ಹಾಕಿರುವುದನ್ನು ಕಣ್ಣಾರೆ ಕಂಡು, ಒಳಗೆ ಯಾರನ್ನಾದರೂ ಬಿಟ್ಟು ಬೀಗ ಹಾಕಿದೆನೇನೋ ಎಂದು ಬಾಗಿಲು ಬಡಿದು ನೋಡುವವನು. ಒಮ್ಮೆ ಹೀಗೆ ಬಡಿಯುತ್ತಿದ್ದಾಗ ಹೆಂಡತಿ ಗಿರಿಜಾ ನನ್ನ ಬೆನ್ನ ಹಿಂದೆಯೇ ಚೀಲ ಹಿಡಿದು ನಿಂತಿದ್ದಳು. "ಅಲ್ರಿ, ಈ ಮನ್ಯಾಗ ಇರೂದ ನಾವಿಬ್ಬರು. ಇಬ್ಬರೂ ಹೊರಗ ನಿಂತೇವಿ. ಒಳಗಿಂದ ಯಾರು ಓ ಅನಬೇಕ್ರಿ?" ಎಂದಳು. ಯಾರಾದರೂ ಓ ಅಂದುಬಿಟ್ಟರೆ ಎಂಬ ಹೊಸ ಚಿಂತೆ ನನಗೆ ಹತ್ತಿಕೊಂಡಿತು. ಈ ಸ್ವಭಾವ ಎಲ್ಲಿಂದ ಬಂತೆಂದು ನಡುವಯಸ್ಸಿನಲ್ಲಿ ಹುಡುಕಲು ಹೊರಟೆ. ಡಾಕ್ಟರು ಗ್ಯಾಸ್ ಅಂದರು. ಪಂಚಾಂಗ ನೋಡುವವರು ಶನಿ ಅಂದರು. ನಿಜವಾದ ಕಾರಣ ಈಚೆಗೆ ತಿಳಿಯಿತು, ಅದೂ ನ್ಯೂಜಿಲೆಂಡಿನ ಮೇಲಿಂದ ಸುತ್ತಿಕೊಂಡು ಬಂದು.

ನಾನು ಹಾನಗಲ್ಲಿನ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತೇನೆ. ಮಾರಾಟದ ತತ್ವಗಳನ್ನು ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದು ಅಳಿಸಿದವನು, ಮನೆಯ ರದ್ದಿ ಪೇಪರು ಮಾರುವಾಗ ಗಿರಿಜಾಳನ್ನು ಮುಂದೆ ಬಿಟ್ಟು ಒಳಗಿನ ಕೋಣೆಗೆ ಹೋಗಿಬಿಡುತ್ತೇನೆ. ಹೋದ ವರ್ಷ ನಮ್ಮಂಥ ಮಾಸ್ತರರಿಗೆಲ್ಲ ಹಿರೇಕೆರೂರಿನಲ್ಲಿ ಒಂದು ತರಬೇತಿ ಇಟ್ಟಿದ್ದರು. ವಿಷಯ, ಗಡಿಯಾಚೆಯ ಆನ್‌ಲೈನ್ ವ್ಯಾಪಾರ. ತರಬೇತಿ ಕೊಡಲು ಬಂದವರು ಗೋಡೆಯ ಮೇಲೆ ಬಣ್ಣಬಣ್ಣದ ಚಿತ್ರ ಬಿಟ್ಟು, ಮೊದಲು ಪೀಠಿಕೆ ಹೇಳಿದರು, ಆಮೇಲೆ ಮುಖ್ಯ ಬಗೆಗಳನ್ನು ಹೇಳಿದರು. "ಇನ್ನು ಅತಿ ಮುಖ್ಯವಾದ ವಿಷಯಕ್ಕೆ ಬರೋಣ" ಎಂದು ಅವರು ಗುಂಡಿ ಒತ್ತುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಕರೆಂಟು ಬರುವ ಮೊದಲು ಊಟ ಬಂತು. ಊಟಕ್ಕೆ ಗೋಧಿ ಹುಗ್ಗಿ ಇತ್ತು. ಗೋಧಿ ಹುಗ್ಗಿ ಉಂಡ ಮೇಲೆ ನಮ್ಮ ಕಡೆ ಯಾವ ತರಬೇತಿಯೂ ಮುಂದುವರಿದ ಉದಾಹರಣೆ ಇಲ್ಲ. ಹೀಗಾಗಿ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ವಾಣಿಜ್ಯ ಮಾಸ್ತರರಿಗೆಲ್ಲ ಈ ವ್ಯಾಪಾರದ ಪೀಠಿಕೆ ಗೊತ್ತು, ಮುಖ್ಯ ಬಗೆಗಳು ಗೊತ್ತು, ಅದರ ಮುಂದೆ ಹುಗ್ಗಿ ಗೊತ್ತು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆ ವಾರವೇ ನಾನು ಹಿರೇಬೆಂಡಿಗೇರಿಗೆ, ನಮ್ಮ ಶಾಂತಕ್ಕನ ಮನೆಗೆ ಹೋದೆ. ಶಾಂತಕ್ಕ ನನ್ನ ಒಡಹುಟ್ಟಿದವಳು. ಅವ್ವ ತೀರಿಕೊಂಡ ಮೇಲೆ ಬೈಯುವ ಅಧಿಕಾರವನ್ನು ಪೂರ್ತಿಯಾಗಿ ವಹಿಸಿಕೊಂಡವಳು. ಹೊಲದ ಕೆಲಸ ಇಲ್ಲದಾಗ ಕೌದಿ ಹೊಲಿಯುತ್ತಾಳೆ. ಹಳೆಯ ಸೀರೆ, ಧೋತರ, ದರ್ಜಿ ಅಂಗಡಿಯಲ್ಲಿ ಉಳಿದ ಬಟ್ಟೆಯ ತುಂಡು ಎಲ್ಲವನ್ನೂ ಪದರು ಪದರಾಗಿ ಹಾಸಿ, ಒಂದು ಮೂಲೆಯಿಂದ ಸಣ್ಣ ಸಣ್ಣ ಹೊಲಿಗೆ ಹಾಕುತ್ತ ಕಡೆಯ ಮೂಲೆಗೆ ಬರುತ್ತಾಳೆ. ನಾನು ಇವತ್ತಿಗೂ ಹೊದೆಯುವುದು ಅವ್ವ ಹೊಲಿದ ಕೌದಿಯನ್ನೇ. ಆದರೆ ಶಾಂತಕ್ಕನ ಹೊಲಿಗೆ ಅವ್ವನದಕ್ಕಿಂತ ನೇರ ಎಂದು ಅವ್ವನೇ ಒಪ್ಪಿಕೊಂಡಿದ್ದಳು. ಅವತ್ತು ಅವಳು ಪಡಸಾಲೆಯಲ್ಲಿ ಕಾಲು ಚಾಚಿ ಹೊಲಿಯುತ್ತಿದ್ದಳು, ನಾನು ಚಹಾ ಕುಡಿಯುತ್ತಿದ್ದೆ. ಸುಮ್ಮನೆ ಕುಡಿಯುವುದು ಬಿಟ್ಟು, ಹೊಸದಾಗಿ ಕಲಿತದ್ದನ್ನು ಹೇಳಲು ಶುರುಮಾಡಿದೆ.

ಪಾಠ ಹೇಳುವುದರಲ್ಲಿ ನನಗೆ ಒಂದು ಚಟ ಇದೆ, ಎಲ್ಲವನ್ನೂ ನಮ್ಮ ಸುತ್ತಲಿನ ಊರಿಗೆ ಇಳಿಸಿಬಿಡುತ್ತೇನೆ. ಮೊದಲನೆಯ ಬಗೆ ವ್ಯಾಪಾರಿಯಿಂದ ವ್ಯಾಪಾರಿಗೆ. ಸವಣೂರಿನಲ್ಲಿ ಗಿರಿಜಾಳ ತವರಿನವರು ವೀಳ್ಯದೆಲೆಯ ಪೆಂಡಿ ಕಟ್ಟಿ ದೂರದೂರಿನ ಸಾವಕಾರರಿಗೆ ಕಳಿಸುತ್ತಾರಲ್ಲ, ಹಾಗೆ. ಕಳಿಸಿದವನೂ ಆ ಎಲೆ ಮೆಲ್ಲುವುದಿಲ್ಲ, ತರಿಸಿದವನೂ ಮೆಲ್ಲುವುದಿಲ್ಲ. ಎರಡನೆಯದು ವ್ಯಾಪಾರಿಯಿಂದ ನೇರವಾಗಿ ಬಳಸುವವನಿಗೆ. ಸವಣೂರಿನ ಖಾರದ ಅಂಗಡಿಯವನು ಪೊಟ್ಟಣ ಕಟ್ಟಿ ಕೈಗೆ ಕೊಡುತ್ತಾನೆ, ನಾವು ಮನೆ ಮುಟ್ಟುವ ಮೊದಲೇ ಬಸ್ಸಿನಲ್ಲಿ ಮುಗಿಸುತ್ತೇವೆ. ಮೂರನೆಯದು ಮನೆಯವರಿಂದ ಮನೆಯವರಿಗೆ. ನಮ್ಮ ಮನೆಯ ತೊಟ್ಟಿಲು ಪಕ್ಕದ ಮನೆಗೆ ಹೋಗಿ, ಅಲ್ಲಿಂದ ಅವರ ಬೀಗರ ಮನೆಗೆ ಹೋಗಿ, ಈಗ ಎಲ್ಲಿದೆಯೋ ತಿಳಿಯದು. ಇದಿಷ್ಟೂ ಅಂಗಳದಲ್ಲಿ ನಡೆಯುವ ಬದಲು ಫೋನಿನಲ್ಲಿ ನಡೆದು, ಕೊಳ್ಳುವವನು ಬೇರೆ ದೇಶದಲ್ಲಿದ್ದರೆ ಅದು ಗಡಿಯಾಚೆಯ ಆನ್‌ಲೈನ್ ವ್ಯಾಪಾರ. ಸಾಮಾನನ್ನು ಆರ್ಡರು ಬಂದ ಮೇಲೆ ಕಳಿಸಬಹುದು, ಇಲ್ಲವೇ ಮೊದಲೇ ಆ ದೇಶದ ಗೋದಾಮಿಗೆ ಸಾಗಿಸಿ ಇಟ್ಟಿರಬಹುದು. ಅಕ್ಕಿಆಲೂರಿನ ಗಿರಣಿಯವರು ಹಿರೇಕೆರೂರಿನ ಅಳಿಯನ ಮನೆಯಲ್ಲಿ ಮುಂಚೆಯೇ ಅಕ್ಕಿ ಚೀಲ ಒಟ್ಟಿಟ್ಟು, ಕೇಳಿದವರಿಗೆ ಕೇಳಿದ ದಿನವೇ ಕೊಡುವ ಹಾಗೆ. ಇನ್ನು ಮಾರುವ ಜಾಗ. ದೊಡ್ಡ ಆನ್‌ಲೈನ್ ಬಜಾರಿನಲ್ಲಿ ಕೂರಬಹುದು, ಅದು ಸಂತೆಯಲ್ಲಿ ಗೋಣಿತಟ್ಟು ಹಾಸಿ ಕೂತ ಹಾಗೆ, ಜನ ತಾವಾಗಿ ಬರುತ್ತಾರೆ, ಜಾಗದವನಿಗೆ ಅವನ ಪಾಲು ಕೊಡಬೇಕು. ಸ್ವಂತ ವೆಬ್‌ಸೈಟ್ ಮಾಡಿದರೆ ಅದು ನಮ್ಮದೇ ಕಟ್ಟೆಯ ಮೇಲೆ ಅಂಗಡಿ ಇಟ್ಟ ಹಾಗೆ. ಪಾಲು ಯಾರಿಗೂ ಕೊಡಬೇಕಿಲ್ಲ, ಬರುವವರೂ ಯಾರೂ ಇಲ್ಲ.

ಶಾಂತಕ್ಕ ತಲೆ ಎತ್ತದೆ ಎಲ್ಲ ಕೇಳಿದಳು. ಆಮೇಲೆ ದಾರವನ್ನು ಹಲ್ಲಿನಿಂದ ಕಡಿದು, "ಬಸ್ಯಾ, ನಂದು ಇದರಾಗ ಯಾವ ನಮೂನಿ?" ಎಂದಳು.

"ನೀ ಇನ್ನೂ ಮಾರೇ ಇಲ್ಲಲ್ಲ ಅಕ್ಕಾ."

"ಮಾರಿದ ಮ್ಯಾಲ ಹೇಳು ಹಂಗಾರ" ಎಂದು ಸೂಜಿಗೆ ಹೊಸ ದಾರ ಪೋಣಿಸಿದಳು. ಮಾತು ಮುಗಿದಿತ್ತು. ಶಾಂತಕ್ಕ ಒಂದು ಸಲ ದಾರ ಪೋಣಿಸಿದಳೆಂದರೆ ಕೆಲಸ ಮುಗಿದ ಮೇಲೆಯೇ ಗಂಟು ಹಾಕುವುದು.

ಮುಂದಿನ ಕೆಲಸವನ್ನು ನಾವು ಹಂಚಿಕೊಂಡೆವು. ಹೊಲಿಯುವುದು ಶಾಂತಕ್ಕನ ಪಾಲಿಗೆ. ಫೋಟೋ ತೆಗೆದು ಆನ್‌ಲೈನ್ ಬಜಾರಿನಲ್ಲಿ ಹಾಕುವುದು ಗಿರಿಜಾಳ ಪಾಲಿಗೆ. ಬಟ್ಟೆಯ ತುಂಡು ಒದಗಿಸುವುದು, ಪಾರ್ಸಲ್ ಕಟ್ಟುವುದು ಸವಣೂರಿನಲ್ಲಿ ಗಿರಿಜಾಳ ತವರಿನ ಓಣಿಯಲ್ಲೇ ಇರುವ ದರ್ಜಿ ಖಾದರಭಾಯಿಯ ಪಾಲಿಗೆ. ಇಂಗ್ಲಿಷಿನಲ್ಲಿ ಬರೆಯುವುದು ಮತ್ತು ಚಿಂತೆ ಮಾಡುವುದು ನನ್ನ ಪಾಲಿಗೆ. ಬಹಳ ದಿನ ನನ್ನ ಪಾಲಿನ ಕೆಲಸವೊಂದೇ ನಡೆಯಿತು, ಏಕೆಂದರೆ ಒಂದೂ ಆರ್ಡರು ಬರಲಿಲ್ಲ. ಕಡೆಗೆ ನ್ಯೂಜಿಲೆಂಡಿನ ಮಾರ್ಗರೆಟ್ ಎಂಬ ಹೆಣ್ಣುಮಗಳು ಬರೆದಳು. ಮಗಳಿಗೆ ಚೊಚ್ಚಲ ಹೆರಿಗೆಯಂತೆ, ಅಲ್ಲಿ ಚಳಿ ಬೀಳುವ ಹೊತ್ತಿಗೆ ಕೂಸು ಬರುತ್ತದಂತೆ, ಕೂಸಿಗೊಂದು ಸಣ್ಣ ಕೌದಿ ಬೇಕಂತೆ. ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದಳು: ನಿಮ್ಮ ಮನೆಯ ಕೂಸಿಗೆ ಹೇಗೆ ಹೊಲಿಯುತ್ತೀರೋ ಹಾಗೆಯೇ ಹೊಲಿಯಿರಿ.

ಆ ಸಾಲನ್ನು ನಾನು ಕನ್ನಡ ಮಾಡಿ ಶಾಂತಕ್ಕನಿಗೆ ಓದಿ ಹೇಳಿದೆ. ನಮ್ಮ ಕಷ್ಟಕ್ಕೆಲ್ಲ ಮೂಲ ಅದೇ.

ಶಾಂತಕ್ಕ ಎದ್ದು ಒಳಗೆ ಹೋಗಿ ಟ್ರಂಕಿನಿಂದ ಅವ್ವನ ಇಳಕಲ್ ಸೀರೆ ತಂದಳು. ಅವ್ವನದು ಅಂತ ನಮ್ಮಲ್ಲಿ ಉಳಿದ ಸೀರೆ ಅದೊಂದೇ. ಒಡಲು ಅಲ್ಲಲ್ಲಿ ಸವೆದು ಪಿಸಿದಿತ್ತು, ಕೆಂಪು ಸೆರಗು ಮಾತ್ರ ಗಟ್ಟಿಯಾಗಿತ್ತು. ಕತ್ತರಿ ಕೈಗೆತ್ತಿಕೊಂಡಾಗ ನಾನು ಅವಳ ಕೈ ಹಿಡಿದೆ.

"ಅಕ್ಕಾ, ಅವ್ವನ ಸೀರಿ ಯಾಕ? ಖಾದರಭಾಯಿ ಕೊಟ್ಟ ಬಟ್ಟಿ ಗಂಟಗಟ್ಲೆ ಬಿದ್ದೈತಿ."

"ಮನಿ ಕೂಸಿನ ಕೌದಿಗೆ ಅಜ್ಜಿ ಸೀರಿ ಹಾಕದ ಯಾರ ಸೀರಿ ಹಾಕಬೇಕೋ? ಟ್ರಂಕಿನ್ಯಾಗ ಇಟ್ರ ನುಸಿ ತಿಂತೈತಿ. ಕೂಸಿನ ಮ್ಯಾಲ ಇದ್ರ ಕೂಸು ಬೆಚ್ಚಗ ಮಲಗ್ತೈತಿ. ಕೈ ಬಿಡು."

ಕೈ ಬಿಟ್ಟೆ. ಸೆರಗು ಕೌದಿಯ ನಟ್ಟನಡುವೆ ಕೂತಿತು. ನೋಡಿದರೆ ಕಣ್ಣು ತುಂಬುವ ಹಾಗಿತ್ತು, ಆದರೆ ನನಗೆ ಕಣ್ಣು ತುಂಬಿಕೊಳ್ಳಲೂ ಬಿಡುವಿರಲಿಲ್ಲ. ಬಣ್ಣ ಬಿಟ್ಟರೆ? ಕೂಸು ಅದನ್ನು ಬಾಯಲ್ಲಿ ಇಟ್ಟುಕೊಂಡರೆ? ವಿಮಾನದಲ್ಲಿ ಒದ್ದೆಯಾದರೆ? ವಿಮಾನದೊಳಗೆ ಮಳೆ ಬರುವುದಿಲ್ಲ ಎಂದು ಗಿರಿಜಾ ಹೇಳಿದಳು. ಖಾದರಭಾಯಿ ಪಾರ್ಸಲನ್ನು ಮದುವಣಗಿತ್ತಿಯ ಬಟ್ಟೆ ಕಟ್ಟಿದ ಹಾಗೆ ಕಟ್ಟಿದ. "ಮಾಸ್ತರ, ಫಿಕರ್ ಮಾಡಬ್ಯಾಡ್ರಿ. ಇದು ಬಿಚ್ಚಬೇಕಂದ್ರ ಅವರು ನನ್ನ ಕರೀಬೇಕ್ರಿ" ಎಂದ. ಕಳಿಸುವಾಗ ತುಂಬಬೇಕಾದ ವಿವರದಲ್ಲಿ ಒಂದು ಪ್ರಶ್ನೆ ಇತ್ತು. ಪಾರ್ಸಲಿನಲ್ಲಿ ತಿನ್ನುವ ವಸ್ತು, ಬೀಜ, ಕಾಳು, ಸಸ್ಯ ಏನಾದರೂ ಇದೆಯೇ? ಜೀವಮಾನದಲ್ಲಿ ಅಷ್ಟು ನಿಶ್ಚಿಂತೆಯಿಂದ ನಾನು ಯಾವ ಪ್ರಶ್ನೆಗೂ ಉತ್ತರಿಸಿರಲಿಲ್ಲ. ಇಲ್ಲ ಎಂದು ಬರೆದು ಸಹಿ ಹಾಕಿದೆ. ಬಟ್ಟೆಯಲ್ಲಿ ಕಾಳು ಎಲ್ಲಿಂದ ಬರಬೇಕು?

ಆ ದೇಶದ ತಪಾಸಣೆಯವರ ಪತ್ರ ನಾನು ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಫೋನಿಗೆ ಬಂತು. ಕೌದಿಯನ್ನು ಯಂತ್ರದಲ್ಲಿ ಹಾಯಿಸಿದಾಗ ಒಂದು ಮೂಲೆಯೊಳಗೆ ಮೊಳೆಯಬಲ್ಲ ಕಾಳುಗಳೂ, ಗುರುತು ಸಿಗದ ಒಂದು ಒಣಗಿದ ಆಹಾರ ಪದಾರ್ಥವೂ ಕಂಡಿವೆ. ನೀವು ಇಲ್ಲ ಎಂದು ಬರೆದಿದ್ದೀರಿ. ಕೌದಿಯನ್ನು ವಾಪಸ್ ತರಿಸಿಕೊಳ್ಳಬಹುದು. ಇಲ್ಲವೇ ನಮ್ಮ ಎದುರಿನಲ್ಲಿ ಆ ಪದಾರ್ಥ ತೆಗೆಸಲು ಕಾರಣ ಸಹಿತ ಮನವಿ ಮಾಡಬಹುದು. ಏನೂ ತಿಳಿಸದಿದ್ದರೆ ಸುಟ್ಟು ನಾಶಪಡಿಸುತ್ತೇವೆ. ಗುರುತು ಸಿಗದ ಒಣಗಿದ ಆಹಾರ ಪದಾರ್ಥ ಯಾವುದೆಂದು ನನಗೆ ತಕ್ಷಣ ಗುರುತು ಸಿಕ್ಕಿತು. ಅದೇ ಪದಾರ್ಥ ನನ್ನ ಡಬ್ಬಿಯಲ್ಲೂ ಇತ್ತು. ಖಡಕ್ ರೊಟ್ಟಿ.

ನಮ್ಮ ಕಡೆ ಕೌದಿಯನ್ನು ಸುಮ್ಮನೆ ಹೊಲಿದು ಮುಗಿಸುವುದಿಲ್ಲ. ಕಡೆಯ ಮೂಲೆ ಮುಚ್ಚುವ ಮೊದಲು ಅದರೊಳಗೆ ಒಂದು ಚಿಟಿಕೆ ಜೋಳ, ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಾರೆ. ಕೌದಿಯ ಹೊಟ್ಟೆ ಬರಿದಾಗಿರಬಾರದು. ಹಸಿದ ಕೌದಿ ಹೊದ್ದವರಿಗೆ ನೆಮ್ಮದಿಯ ನಿದ್ದೆ ಬರುವುದಿಲ್ಲ. ಇದನ್ನು ನಾನು ತೊಟ್ಟಿಲಲ್ಲಿದ್ದಾಗಿನಿಂದ ಬಲ್ಲೆ. ಅವ್ವ ಹೊಲಿಯುವಾಗ ಆ ರೊಟ್ಟಿಯ ಚೂರು ಮುರಿದುಕೊಡುವುದು ನನ್ನದೇ ಕೆಲಸವಾಗಿತ್ತು. ವಿಮಾನದೊಳಗಿನ ಮಳೆಯ ಬಗ್ಗೆ ಯೋಚಿಸಿದ ತಲೆಗೆ ಅದು ಹೊಳೆಯಲಿಲ್ಲ. ಕೌದಿಯೊಳಗಿನ ಜೋಳ ನಮಗೆ ಕಾಳೇ ಅಲ್ಲ. ಅದು ಕೌದಿ.

ಮಧ್ಯಾಹ್ನದ ಪಾಠ ಇನ್ನೊಬ್ಬರಿಗೆ ಒಪ್ಪಿಸಿ ಹಿರೇಬೆಂಡಿಗೇರಿಗೆಂದು ಶಿಗ್ಗಾವಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನಾಳಿನ ಪೇಪರು ಕಣ್ಣ ಮುಂದೆ ಬರುತ್ತಿತ್ತು. ಹಾನಗಲ್ಲಿನ ಮಾಸ್ತರನಿಂದ ವಿದೇಶಕ್ಕೆ ಜೋಳದ ಕಳ್ಳಸಾಗಣೆ. ಪಕ್ಕದಲ್ಲಿ ನನ್ನ ಫೋಟೋ, ಅದರಲ್ಲೂ ಗುರುತಿನ ಚೀಟಿಯಲ್ಲಿರುವ ಫೋಟೋ. ಅದರಲ್ಲಿ ನಾನು ಮೊದಲೇ ಕಳ್ಳನ ಹಾಗೆ ಕಾಣುತ್ತೇನೆ. ಆದರೆ ಹಿರೇಬೆಂಡಿಗೇರಿ ಹತ್ತಿರ ಬಂದಂತೆ ಈ ಚಿತ್ರ ಮಸುಕಾಗಿ, ಬರೀ ಒಂದು ಕೆಂಪು ಸೆರಗು ಉಳಿಯಿತು.

ಶಾಂತಕ್ಕ ಇನ್ನೊಂದು ಕೌದಿಗೆ ಬಟ್ಟೆ ಹಾಸುತ್ತಿದ್ದಳು. "ಅಕ್ಕಾ, ಆ ಕೌದಿ ಮೂಲ್ಯಾಗ ಜ್ವಾಳ ಇಟ್ಟಿದ್ದೇನು?" ಎಂದೆ, ಬಾಗಿಲಲ್ಲೇ ನಿಂತು.

"ಇಡದ ಹೆಂಗ ಮುಚ್ಚಲಿ? ಕೂಸಿಂದು ಅಂತ ನಾಕು ಕಾಳು ಹೆಚ್ಚಿಗೀನ ಇಟ್ಟೇನಿ."

"ಅಲ್ಲಿ ಹಿಡದಾರ."

"ಯಾರನ್ನ?"

"ಜ್ವಾಳಾನ."

ಅವಳು ನಕ್ಕಳು. ನಾನು ಪತ್ರ ಓದಿ ಹೇಳಿದೆ. ನಗು ನಿಂತಿತು. ಹಾಸಿದ ಬಟ್ಟೆಯನ್ನು ಅಂಗೈಯಿಂದ ಸರಿಮಾಡಿದಳು.

"ಸುಡತಾರೇನು?"

"ಸುಮ್ನ ಕುಂತ್ರ ಸುಡತಾರ."

"ಅವ್ವನ ಸೆರಗು ಐತೋ ಅದರಾಗ."

ನನಗೂ ಅದರದ್ದೇ ಚಿಂತೆ ಆಗಿತ್ತು. ಚಿಂತೆಗಾರರು ಯಾವಾಗಲೂ ಹಿಂದಕ್ಕೆ ಹೋಗುವ ದಾರಿಯನ್ನೇ ಮೊದಲು ನೋಡುತ್ತಾರೆ. ವಾಪಸ್ ತರಿಸಿಬಿಡೋಣ, ಸೆರಗಾದರೂ ಉಳಿಯುತ್ತದೆ, ಈ ವ್ಯಾಪಾರ ನಮಗೆ ಬೇಡ ಎಂದೆ. ಶಾಂತಕ್ಕ ನನ್ನನ್ನು ಅವ್ವ ನೋಡುತ್ತಿದ್ದ ಹಾಗೆ ನೋಡಿದಳು.

"ಕೂಸಿಗಂತ ಹೊಲದದ್ದು ಹೊಳ್ಳಿ ತರೂದೇನು? ಆ ಹುಡುಗಿ ಇವತ್ತೋ ನಾಳಿಗೋ ಹಡೀತಾಳ. ನಮ್ಮ ಜ್ವಾಳ ಅವರಿಗೆ ಬ್ಯಾಡಾದ್ರ ಬ್ಯಾಡ, ಮೂಲಿ ಬಿಚ್ಚಿ ತಕ್ಕೊಳ್ಳಲಿ. ಖಾಲಿ ಮಾತ್ರ ಬಿಡಬಾರದು. ಅವರೂರ ಕಾಳು ಹಾಕಿ ಹೊಲೀಲಿ. ಹಸದ ಕೌದಿ ಕೂಸಿನ ಮ್ಯಾಲ ಹಾಕಬಾರದು. ಇಷ್ಟು ಬರಿ."

"ಒಂದು ಸರಕಾರಕ್ಕ ಹಿಂಗ ಬರಿಯಾಕ ಬರೂದಿಲ್ಲ ಅಕ್ಕಾ."

"ಬರೂದಿಲ್ಲಂದ್ರ? ಅವರಿಗೆ ಓದಾಕ ಬರೂದಿಲ್ಲೋ, ನಿನಗ ಬರಿಯಾಕ ಬರೂದಿಲ್ಲೋ?"

ಬರೆದೆ. ಅವಳ ಪಡಸಾಲೆಯಲ್ಲಿ, ಗೋಡೆಗೆ ಬೆನ್ನು ಕೊಟ್ಟು, ಫೋನಿನಲ್ಲೇ ಬರೆದೆ. ನಾನು ರಜೆಯ ಅರ್ಜಿ ಬರೆದರೂ ಕ್ಷಮೆಯಿಂದ ಶುರುಮಾಡುವವನು. ಆದರೆ ಅವತ್ತು ಒಂದು ಹಟ ಹಿಡಿದಿತ್ತು. ಇಲ್ಲ ಎಂದು ಬರೆದದ್ದು ನನ್ನ ತಪ್ಪು ಎಂದು ಒಂದೇ ಸಾಲಿನಲ್ಲಿ ಒಪ್ಪಿಕೊಂಡು, ಉಳಿದದ್ದನ್ನೆಲ್ಲ ಬಿಚ್ಚಿ ಹೇಳಿದೆ. ಕೌದಿ ಎಂದರೇನು, ಅದಕ್ಕೆ ಹೊಟ್ಟೆ ಎಲ್ಲಿರುತ್ತದೆ, ಅದರ ನಡುವಿನ ಕೆಂಪು ಬಟ್ಟೆ ಯಾರದು, ಯಾವ ಮೂಲೆಯ ದಾರವನ್ನು ಎಲ್ಲಿ ಕತ್ತರಿಸಿದರೆ ಉಳಿದ ಹೊಲಿಗೆ ಬಿಚ್ಚಿಕೊಳ್ಳುವುದಿಲ್ಲ. ಈ ಕೊನೆಯದನ್ನು ಶಾಂತಕ್ಕ ಮನೆಯಲ್ಲಿದ್ದ ಬೇರೊಂದು ಕೌದಿ ಹಿಡಿದು ತೋರಿಸಿದಳು, ನಾನು ಫೋಟೋ ತೆಗೆದು ಸೇರಿಸಿದೆ. ಕಾಳು ತೆಗೆದ ಮೇಲೆ ದಯವಿಟ್ಟು ನಿಮ್ಮ ದೇಶದ ಕಾಳನ್ನು ತುಂಬಿ ಹೊಲಿಯಬೇಕು ಎಂಬ ಸಾಲಿಗೆ ಬಂದಾಗ ಬೆರಳು ನಿಂತಿತು. ಶಾಂತಕ್ಕ ನೋಡುತ್ತ ಕೂತಿದ್ದಳು. ಅದನ್ನೂ ಬರೆದು ಕಳಿಸಿಬಿಟ್ಟೆ.

ಉತ್ತರ ಬರುವವರೆಗೆ ನಾನು ಹೇಗಿದ್ದೆ ಎಂಬುದನ್ನು ಗಿರಿಜಾಳನ್ನು ಕೇಳಬೇಕು. ಸಾರಿಗೆ ಎರಡು ಸಲ ಉಪ್ಪು ಹಾಕಿದೆನಂತೆ, ಅದೂ ಅವಳು ಹಾಕಿದ ಮೇಲೆ. ಉತ್ತರ ಬಂತು, ಚಿಕ್ಕದಾಗಿ, ಒಣದಾಗಿ. ನಿಮ್ಮ ಮನವಿ ಒಪ್ಪಲಾಗಿದೆ. ಚಿತ್ರದಲ್ಲಿ ತೋರಿಸಿದ ಜಾಗದಲ್ಲೇ ಬಿಚ್ಚಿ ಪದಾರ್ಥ ತೆಗೆಯುತ್ತೇವೆ. ಮರಳಿ ತುಂಬುವುದು ನಮ್ಮ ಕರ್ತವ್ಯದಲ್ಲಿ ಬರುವುದಿಲ್ಲ. ಇಲ್ಲಿನ ಅಂಗಡಿಯಲ್ಲಿ ಕೊಂಡ ಕಾಳನ್ನು ಇಲ್ಲಿನವರು ತಮ್ಮ ಮನೆಯಲ್ಲಿ ತುಂಬಿಕೊಂಡರೆ ಅದಕ್ಕೆ ನಮ್ಮ ಅಡ್ಡಿ ಇಲ್ಲ. ಇದನ್ನು ಶಾಂತಕ್ಕನಿಗೆ ಫೋನಿನಲ್ಲಿ ಹೇಳಿದೆ. "ಶಾಣ್ಯಾ ಮಂದಿ ಅದಾರ. ಅಡ್ಡಿ ಇಲ್ಲ ಅಂದಾರಲ್ಲ, ಮತ್ತೇನು ಬೇಕು? ಇನ್ನ ಅಜ್ಜಿಗೆ ಬರಿ" ಎಂದಳು.

ಅಜ್ಜಿ ಎಂದರೆ ಮಾರ್ಗರೆಟ್. ಬರೆದೆ. ಅವಳು ಅದೇ ದಿನ ಉತ್ತರ ಕೊಟ್ಟಳು, ಪೂರ್ತಿ ಪ್ರಶ್ನೆಗಳೇ. ನಮ್ಮ ಮನೆಯಲ್ಲಿ ಓಟ್ಸ್ ಇದೆ, ನಡೆಯುತ್ತದೆಯೇ? ಹಸಿಯೋ, ಬೇಯಿಸಿದ್ದೋ? ರೊಟ್ಟಿಗೆ ಬದಲು ಏನು? ನನಗೆ ಹೊಲಿಗೆ ಬರುವುದಿಲ್ಲ, ಪರವಾಗಿಲ್ಲವೇ? ನನಗಿಂತ ಹೆಚ್ಚು ಚಿಂತೆ ಮಾಡುವ ಒಂದು ಜೀವ ಭೂಮಿಯ ಆ ಬದಿಯಲ್ಲಿ ಇದೆಯೆಂದು ತಿಳಿದು ಮನಸ್ಸಿಗೆ ತಂಪಾಯಿತು. ಶಾಂತಕ್ಕನ ಉತ್ತರವನ್ನು ದಾಟಿಸಿದೆ: ನಿಮ್ಮ ಮನೆಯಲ್ಲಿ ದಿನಾ ಏನು ತಿನ್ನುತ್ತೀರೋ ಅದು, ಬೇಯಿಸದೆ, ಒಂದು ಚಿಟಿಕೆ.

ಆಮೇಲೆ ಒಂದು ಫೋಟೋ ಬಂತು. ಕೂಸು ಮಲಗಿತ್ತು, ಅವ್ವನ ಸೆರಗು ಅದರ ಎದೆಯ ಮೇಲೆ ಬಂದಿತ್ತು. ಇನ್ನೊಂದು ಫೋಟೋ ಮೂಲೆಯದು. ನೀಲಿ ದಾರದಲ್ಲಿ ಹಾಕಿದ ದಪ್ಪ ದಪ್ಪ ಹೊಲಿಗೆ, ಒಳಗೆ ಓಟ್ಸು, ಒಂದು ಚೂರು ಬಿಸ್ಕೀಟು ಇದೆಯೆಂದು ಬರೆದಿದ್ದಳು. ಶಾಂತಕ್ಕ ಕೂಸನ್ನು ಒಂದು ಕ್ಷಣ ನೋಡಿ, ಮೂಲೆಯನ್ನು ದೊಡ್ಡದು ಮಾಡಿಸಿ ಬಹಳ ಹೊತ್ತು ನೋಡಿದಳು.

"ಹೊಲಿಗಿ ಪೂರಾ ಸೊಟ್ಟ ಆಗೈತಿ" ಎಂದಳು. ಕಣ್ಣೊರೆಸಿಕೊಂಡು, "ಇರಲಿ, ಹೊಟ್ಟಿ ತುಂಬೈತಿ" ಎಂದಳು.

ಈಗ ಶಾಂತಕ್ಕನ ಕೌದಿಗಳು ಕಡೆಯ ಮೂಲೆ ತೆರೆದೇ ಗಡಿ ದಾಟುತ್ತವೆ. ದಾರ ನೇತಾಡುತ್ತಿರುತ್ತದೆ. ಸೂಜಿಯನ್ನೂ ಚುಚ್ಚಿ ಕಳಿಸುತ್ತೇನೆಂದು ಅವಳು ಹಟ ಮಾಡಿದಳು, ವಿಮಾನದ ವಿಷಯ ಎಂದು ನಾನು ಬಿಡಲಿಲ್ಲ. ಜೊತೆಗೆ ನನ್ನದೊಂದು ಚೀಟಿ: ನಿಮ್ಮ ಮನೆಯ ಕಾಳು ತುಂಬಿ ನೀವೇ ಮುಚ್ಚಿಕೊಳ್ಳಿ. ಜನ ಅದಕ್ಕಾಗಿಯೇ ತರಿಸಿಕೊಳ್ಳುತ್ತಿದ್ದಾರೆ. ಒಬ್ಬರು ಕಡಲೆ ತುಂಬಿದರು, ಒಬ್ಬರು ಮೆಕ್ಕೆಜೋಳ ತುಂಬಿದರು, ಎಲ್ಲರೂ ಸೊಟ್ಟ ಹೊಲಿಗೆಯ ಫೋಟೋ ಕಳಿಸಿದರು. ಖಾದರಭಾಯಿಗೆ ಇದು ಸಹಿಸಲಾಗದ ಸಂಗತಿ. "ಮಾಸ್ತರ, ನಾ ಅರ್ಧಾ ಹೊಲದ ಕೊಟ್ರ ಗಿರಾಕಿ ಅಂಗಿ ಮಾರಿ ಮ್ಯಾಲ ಒಗೀತಾರ್ರಿ. ಶಾಂತಕ್ಕಾರು ಅರ್ಧಾ ಹೊಲದ ಕೊಟ್ರ ಥ್ಯಾಂಕ್ಸ್ ಅಂತ ಬರೀತಾರ" ಎನ್ನುತ್ತಾನೆ.

ಶಾಂತಕ್ಕ ಮರೆತಿರಲಿಲ್ಲ. "ಈಗ ಮಾರೇನಲ್ಲ, ಹೇಳು, ನಂದು ಯಾವ ನಮೂನಿ?" ಎಂದು ಕೇಳಿದಳು. ಎರಡನೆಯ ಬಗೆ, ವ್ಯಾಪಾರಿಯಿಂದ ಬಳಸುವವನಿಗೆ ಎನ್ನಲು ಹೋದೆ, ಆದರೆ ಕೊಂಡವರೇ ಕಡೆಯ ಹೊಲಿಗೆ ಹಾಕುವ ವ್ಯಾಪಾರವನ್ನು ಹಿರೇಕೆರೂರಿನಲ್ಲಿ ಹೇಳಿಕೊಟ್ಟಿರಲಿಲ್ಲ. ಮೂರನೆಯದು ಎಂದು ಹೇಳಿ ಜಾರಿಕೊಂಡೆ. ಮನೆಯವರಿಂದ ಮನೆಯವರಿಗೆ. ಕಾಲೇಜಿನಲ್ಲೂ ಹಾಗೆಯೇ ಹೇಳುತ್ತಿದ್ದೇನೆ. ಪರೀಕ್ಷೆಯಲ್ಲಿ ಮಕ್ಕಳು ಹಾಗೆಯೇ ಬರೆದು ಅಂಕ ಕಳೆದುಕೊಂಡರೆ ಎಂಬ ಚಿಂತೆ ಬೇರೆ ಇದೆ.

ಚಿಂತೆಯ ಮೂಲ ತಿಳಿಯಿತು ಎಂದೆನಲ್ಲ, ಅದು ಹೀಗೆ. ಹೋದ ವಾರ ಗಿರಿಜಾ ಹೊದಿಕೆಗಳನ್ನು ಬಿಸಿಲಿಗೆ ಹಾಕಿದಳು. ಅವ್ವ ನನಗಾಗಿ ಹೊಲಿದ ಕೌದಿಯನ್ನು ಝಾಡಿಸುತ್ತಿದ್ದವಳು ಕೈ ತಡೆದು ಮೂಲೆಯನ್ನು ಹಿಸುಕಿ ನೋಡಿದಳು. ಅಲ್ಲಿ ಒಂದು ತೂತು. ಯಾವ ಕಾಲದಲ್ಲೋ ಇಲಿ ಕಡಿದು, ಜೋಳ ರೊಟ್ಟಿ ಎರಡನ್ನೂ ತಿಂದುಕೊಂಡು ಹೋಗಿತ್ತು. ಗಿರಿಜಾ ನನಗೆ ಹೇಳುವ ಮೊದಲು ಶಾಂತಕ್ಕನಿಗೆ ಫೋನು ಮಾಡಿದಳು. ಆ ಕಡೆಯಿಂದ ಶಾಂತಕ್ಕನ ದನಿ ನನಗೂ ಕೇಳಿಸಿತು: "ಅಯ್ಯ, ಇಷ್ಟ್ ವರ್ಷ ಹಸದ ಕೌದಿ ಹೊದ್ದಾನಲ್ಲಬೇ ಅವ. ಅದಕ್ಕ ಹಂಗ ಆಡ್ತಾನ." ಡಾಕ್ಟರಿಗೂ ಶನಿಗೂ ಸಿಗದ ಕಾರಣ ಇಬ್ಬರು ಹೆಂಗಸರಿಗೆ ಅರ್ಧ ನಿಮಿಷದಲ್ಲಿ ಸಿಕ್ಕಿತು. ನಾನು ಓದಿಕೊಂಡವನಲ್ಲವೇ, ಮನಸ್ಸು, ನರ, ವಯಸ್ಸು ಎಂದೆಲ್ಲ ದೊಡ್ಡ ಭಾಷಣ ಮಾಡಿದೆ. ಗಿರಿಜಾ ಪೂರ್ತಿ ಕೇಳಿ, "ಆತ್ರಿ" ಎಂದಳು.

ಮರುದಿನ ಅವಳು ಕಾಯಿಪಲ್ಯೆ ತರಲು ಹೋದಾಗ ನಾನು ಅಡುಗೆಮನೆಯ ಡಬ್ಬಿಯಿಂದ ಒಂದು ಚಿಟಿಕೆ ಜೋಳ ತೆಗೆದೆ. ರೊಟ್ಟಿಯ ಚೂರು ಮುರಿದೆ, ಆ ಕೆಲಸ ನನಗೆ ಮೊದಲಿನಿಂದ ರೂಢಿ. ಬೆರಳಿಗೆ ಚುಚ್ಚಿಕೊಂಡರೂ ಬಿಡದೆ ಮೂಲೆ ಹೊಲಿದು ಮುಗಿಸಿದೆ. ಹೊಲಿಗೆ ಮಾರ್ಗರೆಟ್‌ಳದಕ್ಕಿಂತ ಸೊಟ್ಟಗಿದೆ. ಕೌದಿಯ ಹೊಟ್ಟೆಯೇನೋ ತುಂಬಿತು. ಹಳೆಯ ಚಿಂತೆಗಳು ಹೋದವೋ ಇಲ್ಲವೋ ಪರೀಕ್ಷಿಸಿ ನೋಡಲು ನನಗೆ ಪುರಸೊತ್ತಿಲ್ಲ. ಜೋಳದ ವಾಸನೆಗೆ ಆ ಇಲಿ ಮತ್ತೆ ಬಂದರೆ ಏನು ಗತಿ ಎಂದು ಮೂಲೆ ಕಾಯುತ್ತ ಕೂತಿದ್ದೇನೆ.